ಮೂರು ನಿಮಿಷದ ದಮ್ಮು: ಹೊಸದಾಗಿ ಗ್ಲೌಸ್ ಹಾಕಿಕೊಂಡವರಿಗೆ

ಬಾಕ್ಸಿಂಗ್‌ನಲ್ಲಿ ಒಂದು ರೌಂಡ್ ಅಂದ್ರೆ ಮೂರು ನಿಮಿಷ. ನಮ್ಮ ಕ್ಯಾಂಟೀನಿನಲ್ಲಿ ಟೋಕನ್ ಕೊಟ್ಟು ಟೀ ಕೈಗೆ ಬರೋದಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತೆ. ಮೂರೇ ನಿಮಿಷ ತಾನೇ ಅಂದುಕೊಂಡು ಮೂರನೇ ಸೆಮ್‌ನಲ್ಲಿ ನಾನು ಮೊದಲ ಸಲ ಸ್ಪಾರಿಂಗ್‌ಗೆ ರಿಂಗ್ ಹತ್ತಿದೆ. ಎದುರಿಗಿದ್ದವನು ಪಿಯುಸಿ ಓದುವ ಹುಡುಗ, ನನಗಿಂತ ಏಳೆಂಟು ಕೆಜಿ ಕಮ್ಮಿ. ಬೆಲ್ ಆಯ್ತು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕೈ ಬೀಸಿದೆ. ಅವನು ತಿರುಗಿ ಹೊಡೆಯಲೇ ಇಲ್ಲ, ಸುಮ್ಮನೆ ಪಕ್ಕಕ್ಕೆ ಸರಿಯುತ್ತಿದ್ದ. ನಲವತ್ತು ಸೆಕೆಂಡಿಗೆಲ್ಲ ನನ್ನ ಕೈ ಎತ್ತಲು ಆಗಲಿಲ್ಲ. ಒಂದು ನಿಮಿಷಕ್ಕೆ ಹಗ್ಗ ಹಿಡಿದು ನಿಂತಿದ್ದೆ. ಎರಡು ನಿಮಿಷಕ್ಕೆ ಹೊರಗೆ ನಲ್ಲಿ ಹತ್ತಿರ ಬೆಳಗಿನ ಇಡ್ಲಿಯನ್ನೆಲ್ಲ ವಾಂತಿ ಮಾಡುತ್ತಿದ್ದೆ.

ಹಾಸ್ಟೆಲಿಗೆ ಬಂದವನೇ ಗ್ಲೌಸನ್ನು ಕಪಾಟಿನ ಮೇಲಕ್ಕೆ ಎಸೆದೆ. ಎಂಟು ದಿನ ಆ ಕಡೆ ತಲೆ ಹಾಕಲಿಲ್ಲ. ಆ ಗ್ಲೌಸಿಗೆ ಕೊಟ್ಟಿದ್ದು ಅಪ್ಪ ಮೆಸ್ ಬಿಲ್ಲಿಗೆ ಅಂತ ಕಳಿಸಿದ್ದ ದುಡ್ಡು. ಅದು ನೆನಪಾದಾಗೆಲ್ಲ ಹೊಟ್ಟೆಯೊಳಗೆ ಏನೋ ಚುಚ್ಚಿದ ಹಾಗಾಗುತ್ತಿತ್ತು. ಒಂಬತ್ತನೇ ದಿನ ಮತ್ತೆ ಹೋದದ್ದು ಛಲದಿಂದ ಅಂತ ಬರೆದರೆ ಸುಳ್ಳಾಗುತ್ತೆ. ರೂಮ್‌ಮೇಟ್‌ನ ಸ್ಕಿಪ್ಪಿಂಗ್ ಹಗ್ಗ ಅಲ್ಲೇ ಬಿಟ್ಟು ಬಂದಿದ್ದೆ, ಅವನು ದಿನಾ ಕೇಳಿ ಪ್ರಾಣ ತಿನ್ನುತ್ತಿದ್ದ. ತರೋಣ ಅಂತ ಹೋದರೆ ಕೋಚ್ ಸರ್ ಬೈಯಲಿಲ್ಲ. "ಏನಪ್ಪಾ, ಅವತ್ತು ಉಸಿರು ರೂಮಲ್ಲೇ ಬಿಟ್ಟು ಬಂದಿದ್ಯಾ?" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. "ಆ ನಲವತ್ತು ಸೆಕೆಂಡಲ್ಲಿ ಎಷ್ಟು ಸಲ ಉಸಿರು ಬಿಟ್ಟೆ, ಹೇಳು ನೋಡೋಣ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಲೇಖನ ಆ ಪ್ರಶ್ನೆಯಿಂದಲೇ ಹುಟ್ಟಿದ್ದು. ಈ ಸೆಮ್ ನಮ್ಮ ಕಾಲೇಜಿನಿಂದ ಹೊಸದಾಗಿ ಸೇರಿದ ಜೂನಿಯರ್‌ಗಳಲ್ಲಿ ಮೂವರು ಬೇರೆ ಬೇರೆಯಾಗಿ ಬಂದು ಒಂದೇ ಮಾತು ಕೇಳಿದರು: "ಅಣ್ಣ, ಮೂರು ವಾರ ಆಯ್ತು, ಇನ್ನೂ ಒಂದು ರೌಂಡ್ ಬ್ಯಾಗ್ ಹೊಡೆಯೋಕಾಗ್ತಿಲ್ಲ. ನನಗೆ ಇದು ಆಗಿಬರಲ್ವಾ?" ಆಗಿಬರುತ್ತೆ. ಆದರೆ ಯಾಕೆ ಆಗ್ತಿಲ್ಲ ಅನ್ನೋದು ಮೊದಲು ಗೊತ್ತಾಗಬೇಕು.

ಕೆಪಾಸಿಟರ್, ಬ್ಯಾಟರಿ, ಮೇನ್ ಲೈನ್

ನಾನು ಇ ಅಂಡ್ ಇ ಬ್ರಾಂಚ್, ಹಾಗಾಗಿ ನನಗೆ ಅರ್ಥವಾಗುವ ಭಾಷೆಯಲ್ಲೇ ಹೇಳ್ತೀನಿ. ಸ್ನಾಯುವಿಗೆ ಬೇಕಾದ ಇಂಧನ ಎಟಿಪಿ. ಸ್ನಾಯುವಿನೊಳಗೆ ರೆಡಿಯಾಗಿ ಇರೋ ಎಟಿಪಿ ಎರಡು ಮೂರು ಸೆಕೆಂಡಿಗೆ ಮುಗಿಯುವಷ್ಟೇ. ಉಳಿದದ್ದನ್ನು ಆಗಿಂದಾಗ ತಯಾರಿಸಬೇಕು, ಅದಕ್ಕೆ ದೇಹದಲ್ಲಿ ಮೂರು ದಾರಿಗಳಿವೆ.

ಮೊದಲನೆಯದು ಕ್ರಿಯೇಟಿನ್ ಫಾಸ್ಫೇಟ್. ಇದು ಕೆಪಾಸಿಟರ್ ಇದ್ದ ಹಾಗೆ. ಕೇಳಿದ ತಕ್ಷಣ ಕೊಡುತ್ತೆ, ಸಿಕ್ಕಾಪಟ್ಟೆ ಕೊಡುತ್ತೆ, ಆದರೆ ಪೂರ್ತಿ ಜೋರಿನಲ್ಲಿ ಹೊಡೆದರೆ ಸುಮಾರು ಹತ್ತು ಸೆಕೆಂಡಿಗೆ ಖಾಲಿ. ಎರಡನೆಯದು ಗ್ಲೂಕೋಸನ್ನು ಆಮ್ಲಜನಕವಿಲ್ಲದೆ ಒಡೆಯುವ ದಾರಿ. ಇದು ಯುಪಿಎಸ್ ಬ್ಯಾಟರಿ. ಒಂದೆರಡು ನಿಮಿಷ ಎಳೆಯುತ್ತೆ, ಆದರೆ ಎಳೆದಷ್ಟೂ ಸ್ನಾಯುವಿನೊಳಗೆ ಆಮ್ಲೀಯತೆ ಏರುತ್ತೆ. ಭುಜ ಉರಿಯೋದು, ಕೈ ಭಾರವಾಗೋದು ಆ ಹೊತ್ತಿನಲ್ಲೇ. ಮೂರನೆಯದು ಆಮ್ಲಜನಕ ಬಳಸಿ ನಡೆಯುವ ದಾರಿ. ಇದು ಮೇನ್ ಲೈನ್. ಒಂದು ಕ್ಷಣಕ್ಕೆ ಕೊಡುವ ಪವರ್ ಕಮ್ಮಿ, ಆದರೆ ಗಂಟೆಗಟ್ಟಲೆ ಕೊಡುತ್ತೆ. ಮೂರೂ ಒಟ್ಟೊಟ್ಟಿಗೇ ಓಡುತ್ತಿರುತ್ತವೆ, ಯಾವುದು ಎಷ್ಟು ಅನ್ನೋದು ಮಾತ್ರ ಬದಲಾಗುತ್ತೆ.

ಇಲ್ಲಿ ಬಹಳ ಜನ ಎಡವುವ ಒಂದು ವಿಷಯ ಇದೆ. ಬಾಕ್ಸಿಂಗ್ ಅಂದ್ರೆ ಸಿಡಿದು ಹೊಡೆಯುವ ಆಟ, ಹಾಗಾದರೆ ಕೆಪಾಸಿಟರ್ ದೊಡ್ಡದಿದ್ದರೆ ಸಾಕು, ನಿಧಾನವಾಗಿ ಓಡೋದೆಲ್ಲ ಮ್ಯಾರಥಾನ್‌ನವರಿಗೆ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಖಾಲಿಯಾದ ಕೆಪಾಸಿಟರನ್ನು ಮತ್ತೆ ಚಾರ್ಜ್ ಮಾಡೋರು ಯಾರು? ಮೇನ್ ಲೈನೇ. ಕ್ರಿಯೇಟಿನ್ ಫಾಸ್ಫೇಟ್ ಮತ್ತೆ ತುಂಬಿಕೊಳ್ಳೋದು ಆಮ್ಲಜನಕದ ದಾರಿಯಿಂದ ಬರುವ ಎಟಿಪಿಯಲ್ಲಿ. ಸುಮಾರು ಅರ್ಧ ನಿಮಿಷದಲ್ಲಿ ಅರ್ಧ ತುಂಬುತ್ತೆ, ಪೂರ್ತಿ ತುಂಬಲು ಮೂರರಿಂದ ಐದು ನಿಮಿಷ ಬೇಕು. ಆರ್‌ಸಿ ಸರ್ಕ್ಯೂಟಿನ ಚಾರ್ಜಿಂಗ್ ಕರ್ವ್ ನೆನಪಿಸಿಕೊಳ್ಳಿ, ಮೊದಲು ಸರಸರ, ಆಮೇಲೆ ನಿಧಾನ. ಅಮೆಚೂರ್ ಪಂದ್ಯದಲ್ಲಿ ಮೂರು ನಿಮಿಷದ ಮೂರು ರೌಂಡ್, ನಡುವೆ ಒಂದೊಂದೇ ನಿಮಿಷ ವಿಶ್ರಾಂತಿ. ಅಂದರೆ ಯಾರಿಗೂ ಪೂರ್ತಿ ಚಾರ್ಜ್ ಆಗಲು ಸಮಯ ಸಿಗೋದಿಲ್ಲ. ಯಾರ ಮೇನ್ ಲೈನ್ ದಪ್ಪ ಇದೆಯೋ ಅವರು ಆ ಒಂದು ನಿಮಿಷದಲ್ಲಿ ಹೆಚ್ಚು ತುಂಬಿಕೊಂಡು ಎದ್ದೇಳ್ತಾರೆ. ಆ ಪಿಯುಸಿ ಹುಡುಗ ನನಗಿಂತ ಬಲಶಾಲಿಯೇನಲ್ಲ, ಅವನ ವೈರಿಂಗ್ ಚೆನ್ನಾಗಿತ್ತು ಅಷ್ಟೇ.

ಇನ್ನೊಂದು ಮಾತು. ಈ ಮೇನ್ ಲೈನ್ ಆನ್ ಆಗಿ ಪೂರ್ತಿ ಲೋಡ್ ಹೊರಲು ಒಂದೆರಡು ನಿಮಿಷ ತಗೊಳ್ಳುತ್ತೆ. ವಾರ್ಮ್‌ಅಪ್ ಮಾಡದೆ ಸೀದಾ ಬ್ಯಾಗ್‌ಗೆ ನುಗ್ಗಿದರೆ ಮೊದಲ ರೌಂಡ್ ಪೂರ್ತಿ ಬ್ಯಾಟರಿ ಮೇಲೇ ಓಡಿದ ಹಾಗೆ. ಮೈ ಸ್ವಲ್ಪ ಬೆವರುವಷ್ಟು ಹತ್ತು ನಿಮಿಷ ಹಗ್ಗ ಆಡಿ, ಭುಜ ತಿರುಗಿಸಿ, ಗಾಳಿಯಲ್ಲಿ ಗುದ್ದಿ, ಆಮೇಲೆ ಬ್ಯಾಗ್ ಹತ್ತಿರ ಹೋಗಿ. ವ್ಯತ್ಯಾಸ ಅದೇ ದಿನ ಗೊತ್ತಾಗುತ್ತೆ.

ಫೋರ್‌ಮನ್‌ಗೆ ಆದದ್ದು

ನನಗೆ ಸಮಾಧಾನ ಕೊಟ್ಟ ಪಂದ್ಯ ಒಂದಿದೆ. 1974ರ ಅಕ್ಟೋಬರ್ 30, ಆಗ ಜೈರ್ ಅನ್ನಿಸಿಕೊಳ್ಳುತ್ತಿದ್ದ ದೇಶದ ಕಿನ್ಶಾಸಾ. ಹೆವಿವೇಟ್ ಚಾಂಪಿಯನ್ ಜಾರ್ಜ್ ಫೋರ್‌ಮನ್‌ಗೆ 25 ವರ್ಷ, ಮುಹಮ್ಮದ್ ಅಲಿಗೆ 32. ಫೋರ್‌ಮನ್ ಅದಕ್ಕೂ ಮುಂಚೆ ಜೋ ಫ್ರೇಜಿಯರ್‌ನನ್ನು ಎರಡು ರೌಂಡಿನಲ್ಲಿ, ಹೋಸೆ ರೋಮನ್‌ನನ್ನು ಒಂದೇ ರೌಂಡಿನಲ್ಲಿ, ಕೆನ್ ನಾರ್ಟನ್‌ನನ್ನು ಎರಡು ರೌಂಡಿನಲ್ಲಿ ಮುಗಿಸಿದ್ದ. ಅಂದರೆ ಹಿಂದಿನ ಮೂರು ಪಂದ್ಯಗಳಲ್ಲಿ ಅವನಿಗೆ ಮೂರನೇ ರೌಂಡ್ ನೋಡುವ ಪ್ರಸಂಗವೇ ಬಂದಿರಲಿಲ್ಲ.

ಅಲಿ ಹಗ್ಗಕ್ಕೆ ಒರಗಿ ನಿಂತ. ಕೈಗಳಿಂದ ಮುಖ ಮುಚ್ಚಿಕೊಂಡು ಹೊಡೆಸಿಕೊಂಡ, ನಡುನಡುವೆ ಚುರುಕಾಗಿ ಮುಖಕ್ಕೆ ತಿರುಗಿ ಕೊಟ್ಟ, ಕುತ್ತಿಗೆ ಹಿಡಿದು ಒರಗಿ ತನ್ನ ಭಾರ ಹೊರಿಸಿದ, ಬಾಯಿ ಬಿಟ್ಟು ಕೆಣಕಿದ. ಆ ಸೆಕೆಯಲ್ಲಿ ಫೋರ್‌ಮನ್ ಬೀಸಿದ, ಬೀಸಿದ, ಬೀಸುತ್ತಲೇ ಹೋದ. ಎಂಟನೇ ರೌಂಡಿಗೆ ಬರುವಷ್ಟರಲ್ಲಿ ಅವನ ಗುದ್ದು ಗುದ್ದಾಗಿ ಉಳಿದಿರಲಿಲ್ಲ. ಆ ರೌಂಡಿನ ಕೊನೆಯಲ್ಲಿ ಅಲಿ ಅವನನ್ನು ಕೆಡವಿದ. ಜಗತ್ತಿನ ಅತಿ ಬಲವಾದ ಗುದ್ದು ಇದ್ದವನು ಸೋತದ್ದು ಬಲ ಸಾಲದೆ ಅಲ್ಲ, ಬಲವನ್ನು ಬೇಗ ಖರ್ಚು ಮಾಡಿಕೊಂಡು. (ಹಗ್ಗಕ್ಕೆ ಒರಗಿ ಹೊಡೆಸಿಕೊಳ್ಳುವ ಪ್ರಯೋಗವನ್ನು ದಯವಿಟ್ಟು ನೀವು ಮಾಡಬೇಡಿ. ಅವನು ಅಲಿ. ನಾವು ಇಂಟರ್ನಲ್ಸ್ ಬರೆಯೋ ಜನ.)

ಸುಸ್ತಿನಲ್ಲಿ ಅರ್ಧ ಭಾಗ ಲೀಕೇಜು

ಹೊಸಬರ ಸುಸ್ತು ಪೂರ್ತಿ ಸ್ಟ್ಯಾಮಿನಾ ಸಮಸ್ಯೆ ಅಲ್ಲ. ಟ್ಯಾಂಕ್ ಚಿಕ್ಕದು ನಿಜ, ಆದರೆ ಅದಕ್ಕಿಂತ ಮುಂಚೆ ಟ್ಯಾಂಕ್ ತೂತಾಗಿದೆ. ಮುಖ್ಯವಾದ ತೂತು ಉಸಿರು. ಹೊಡೆಯುವಾಗ ಹೊಸಬರು ಹಲ್ಲು ಕಚ್ಚಿ ಉಸಿರು ಕಟ್ಟುತ್ತಾರೆ. ನಾನು ಆ ನಲವತ್ತು ಸೆಕೆಂಡಿನಲ್ಲಿ ಮಾಡಿದ್ದು ಅದೇ. ಬಾಕ್ಸರ್‌ಗಳು "ಶ್", "ಹಸ್" ಅಂತ ಸದ್ದು ಮಾಡೋದು ಸ್ಟೈಲಿಗಲ್ಲ, ಪ್ರತಿ ಗುದ್ದಿಗೂ ಚಿಕ್ಕದಾಗಿ ಉಸಿರು ಹೊರಗೆ ಹಾಕುತ್ತಿದ್ದಾರೆ. ಹೊರಗೆ ಹಾಕಿದರೆ ಒಳಗೆ ತಾನಾಗಿಯೇ ಬರುತ್ತೆ. ಕೋಚ್ ನನಗೆ ಒಂದು ವಾರ ಪೂರ್ತಿ ಬ್ಯಾಗ್ ಮುಟ್ಟಲು ಬಿಡದೆ ಕನ್ನಡಿ ಮುಂದೆ ನಿಲ್ಲಿಸಿ ಜ್ಯಾಬ್ ಮಾತ್ರ ಹೊಡೆಸಿದರು. ಸದ್ದು ಕೇಳಿಸದ ಜ್ಯಾಬ್ ಲೆಕ್ಕಕ್ಕಿಲ್ಲ. ಅವಮಾನ ಅನ್ನಿಸಿತ್ತು. ಈಗ ಅನ್ನಿಸುತ್ತೆ, ನನ್ನ ಸ್ಟ್ಯಾಮಿನಾ ಅತಿ ಹೆಚ್ಚು ಬೆಳೆದ ವಾರ ಅದೇ.

ಇನ್ನೊಂದು ತೂತು ಬಿಗಿತ. ಬೆಲ್‌ನಿಂದ ಬೆಲ್‌ವರೆಗೆ ಮುಷ್ಟಿ ಬಿಗಿದು, ಭುಜ ಕಿವಿವರೆಗೆ ಎತ್ತಿಕೊಂಡು ನಿಂತರೆ ಸ್ನಾಯು ಸುಮ್ಮನೆ ಕೆಲಸ ಮಾಡುತ್ತಲೇ ಇರುತ್ತೆ, ಬಿಗಿದ ಸ್ನಾಯುವಿನೊಳಗೆ ರಕ್ತವೂ ಸಲೀಸಾಗಿ ಹರಿಯಲ್ಲ. ಗ್ಲೌಸಿನೊಳಗೆ ಕೈ ಸಡಿಲವಾಗಿರಲಿ, ಬ್ಯಾಗಿಗೆ ತಾಗುವ ಆ ಕ್ಷಣಕ್ಕೆ ಮಾತ್ರ ಮುಷ್ಟಿ ಬಿಗಿಯಾಗಲಿ. ಗುದ್ದು ಕೈಯಿಂದ ಬರಲ್ಲ ಅನ್ನೋದೂ ಇಲ್ಲೇ ಸೇರುತ್ತೆ. ಹಿಂದಿನ ಕಾಲಿನ ಹೆಬ್ಬೆರಳ ಬುಡ ನೆಲ ಒತ್ತುತ್ತೆ, ಸೊಂಟ ತಿರುಗುತ್ತೆ, ಭುಜ ಹಿಂಬಾಲಿಸುತ್ತೆ, ಕೈ ಕೊನೆಗೆ ತಲುಪಿಸುತ್ತೆ ಅಷ್ಟೇ. ಕಾಲು, ಸೊಂಟದ ದೊಡ್ಡ ಸ್ನಾಯುಗಳು ಮಾಡಬೇಕಾದ ಕೆಲಸವನ್ನು ಭುಜದ ಚಿಕ್ಕ ಸ್ನಾಯುವಿನಿಂದ ಮಾಡಿಸಿದರೆ ಅದು ಒಂದು ನಿಮಿಷದಲ್ಲಿ ಮುಷ್ಕರ ಹೂಡದೆ ಇನ್ನೇನು ಮಾಡೀತು?

ಓಟ, ನಾಚಿಕೆಯಾಗುವಷ್ಟು ನಿಧಾನ

ಮೇನ್ ಲೈನ್ ದಪ್ಪ ಮಾಡೋದು ಹೇಗೆ? ಓಡಬೇಕು, ಆದರೆ ನಿಧಾನವಾಗಿ. ಎಷ್ಟು ನಿಧಾನ ಅಂದ್ರೆ, ಓಡುತ್ತಲೇ ಅಮ್ಮನ ಫೋನ್ ಎತ್ತಿ, ಊಟ ಏನು ಮಾಡಿದೆ ಅಂತ ಕೇಳಿದರೆ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡೋಕೆ ಆಗಬೇಕು. ಎರಡು ಪದಕ್ಕೆ ಒಂದು ಏದುಸಿರು ಬಂದರೆ ಜೋರಾಯ್ತು ಅಂತ ಅರ್ಥ. ಗ್ರೌಂಡಿನಲ್ಲಿ ವಾಕಿಂಗ್ ಬರುವ ಅಂಕಲ್‌ಗಳು ನಿಮ್ಮನ್ನು ದಾಟಿ ಹೋಗಬಹುದು. ಹೋಗಲಿ ಬಿಡಿ. ಮೊದಮೊದಲು ಇಪ್ಪತ್ತು ನಿಮಿಷ, ಬೇಕಾದರೆ ನಡುವೆ ನಡೆಯಿರಿ. ವಾರಕ್ಕೆ ಮೂರು ಸಲ ಸಾಕು. ನಾಲ್ಕೈದು ವಾರದಲ್ಲಿ ನಲವತ್ತು ನಿಮಿಷಕ್ಕೆ ತನ್ನಿ.

ಒಳಗೆ ಏನಾಗುತ್ತೆ ಅಂದ್ರೆ, ಮೊದಲ ಒಂದೆರಡು ವಾರದಲ್ಲೇ ರಕ್ತದ ಪ್ಲಾಸ್ಮಾ ಪ್ರಮಾಣ ಹೆಚ್ಚುತ್ತೆ, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತೆ. ಸ್ನಾಯುವಿನೊಳಗೆ ಮೈಟೋಕಾಂಡ್ರಿಯಾ, ಸಣ್ಣ ರಕ್ತನಾಳಗಳು ಹೆಚ್ಚಾಗೋದು ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯೋ ಕೆಲಸ. ಎಲ್ಲಕ್ಕಿಂತ ನಿಧಾನ ಸ್ನಾಯುರಜ್ಜು ಮತ್ತು ಮೂಳೆ. ಉಸಿರು ಸುಧಾರಿಸಿತು ಅಂತ ಎರಡನೇ ವಾರವೇ ದೂರ ದುಪ್ಪಟ್ಟು ಮಾಡಿದರೆ ಮೊಣಕಾಲ ಕೆಳಗಿನ ಮುಂಭಾಗದ ಮೂಳೆ ನೋಯೋಕೆ ಶುರುವಾಗುತ್ತೆ. ನನಗೆ ಆಯ್ತು, ಮೂರು ವಾರ ಹೋಯ್ತು.

ಬ್ಯಾಗ್ ಮೇಲೆ ಮೂರು ನಿಮಿಷ ಆಗಲ್ಲ ಅಂದ್ರೆ ಎರಡು ನಿಮಿಷದ ರೌಂಡ್ ಇಟ್ಟುಕೊಳ್ಳಿ, ಒಂದು ನಿಮಿಷ ವಿಶ್ರಾಂತಿ, ನಾಲ್ಕು ರೌಂಡ್. ಅದರೊಳಗೂ ಒಂದೇ ಸಮನೆ ಬಡಿಯಬೇಡಿ. ಹತ್ತು ಸೆಕೆಂಡ್ ಜೋರು, ಇಪ್ಪತ್ತು ಸೆಕೆಂಡ್ ಹಗುರವಾಗಿ ಜ್ಯಾಬ್ ಮತ್ತು ಕಾಲಿನ ಚಲನೆ, ಮತ್ತೆ ಹತ್ತು ಸೆಕೆಂಡ್ ಜೋರು. ನಿಜವಾದ ರೌಂಡ್ ಕೂಡ ಹೀಗೇ ಇರುತ್ತೆ, ಯಾರೂ ಮೂರು ನಿಮಿಷ ಒಂದೇ ಸಮ ಗುದ್ದಲ್ಲ. ಎರಡು ನಿಮಿಷ ಸಲೀಸಾದ ಮೇಲೆ ಎರಡೂವರೆ. ಈ ಥರ ಉಸಿರುಗಟ್ಟಿಸುವ ದಿನ ವಾರಕ್ಕೆ ಎರಡಕ್ಕಿಂತ ಹೆಚ್ಚು ಬೇಡ.

ಮನಸ್ಸು ಕೈಕೊಡುವ ಮೂರನೇ ವಾರ

ಮೊದಲ ವಾರ ಹೊಸತರ ಖುಷಿ. ಎರಡನೇ ವಾರ ಮೈಕೈ ನೋವೇ ಒಂದು ಹೆಮ್ಮೆ, ಮೆಟ್ಟಿಲು ಇಳಿಯುವಾಗ ಬೇಕಂತಲೇ ಕುಂಟುತ್ತೇವೆ. ಮೂರನೇ ವಾರ ಎರಡೂ ಇರಲ್ಲ. ಮೇಲೆ ಹೇಳಿದ ಒಳಗಿನ ಬದಲಾವಣೆ ಆಗಷ್ಟೇ ಶುರುವಾಗಿರುತ್ತೆ, ಹೊರಗೆ ಏನೂ ಕಾಣಲ್ಲ. ಬಿಟ್ಟು ಹೋಗುವವರಲ್ಲಿ ಹೆಚ್ಚಿನವರು ಹೋಗೋದು ಈ ಸಮಯದಲ್ಲೇ. ನಾನು ಕಂಡಂತೆ ನನ್ನ ಜೊತೆ ಸೇರಿದ ಹನ್ನೊಂದು ಜನರಲ್ಲಿ ಒಂದು ತಿಂಗಳಾದ ಮೇಲೆ ಉಳಿದವರು ನಾಲ್ವರು. ಆ ನಾಲ್ವರಲ್ಲಿ ಇಬ್ಬರು ಹುಡುಗಿಯರು. ಸೇರುವಾಗ ಅತಿ ಹೆಚ್ಚು ಎಗರಾಡಿದವರು ಯಾರೂ ಉಳಿದಿರಲಿಲ್ಲ.

ಮೋಟಿವೇಷನ್ ವಿಡಿಯೋ ನೋಡಿ ಬಂದ ಉತ್ಸಾಹ ಹಾಸ್ಟೆಲ್ ಗೇಟ್ ದಾಟುವವರೆಗೂ ಬಾಳಲ್ಲ ಅಂತ ನನ್ನ ಅನುಭವ. ಕೆಲಸಕ್ಕೆ ಬಂದದ್ದು ಅಳತೆ. ಒಂದು ಹಳೇ ರೆಕಾರ್ಡ್ ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆಯಲು ಶುರು ಮಾಡಿದೆ. ಬೆಳಗ್ಗೆ ಎದ್ದ ಕೂಡಲೇ, ಹಾಸಿಗೆಯಲ್ಲೇ, ನಾಡಿ ಎಷ್ಟು. ಕೊನೆಯ ರೌಂಡ್ ಮುಗಿದ ತಕ್ಷಣ ಎಷ್ಟು, ಒಂದು ನಿಮಿಷ ಕೂತ ಮೇಲೆ ಎಷ್ಟು. ಮಣಿಕಟ್ಟಿನಲ್ಲಿ ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಆಯ್ತು, ಸ್ಮಾರ್ಟ್‌ವಾಚ್ ಬೇಕಿಲ್ಲ. ಮೂರನೇ ವಾರ ನನ್ನ ಮನಸ್ಸು "ಏನೂ ಆಗ್ತಿಲ್ಲ" ಅಂತಿತ್ತು. ಪುಸ್ತಕದಲ್ಲಿ ಮಾತ್ರ, ಒಂದು ನಿಮಿಷದ ವಿಶ್ರಾಂತಿಯಲ್ಲಿ ಮೊದಲು 18 ಬಡಿತ ಇಳಿಯುತ್ತಿದ್ದದ್ದು 27 ಇಳಿಯುತ್ತಿತ್ತು. ಮನಸ್ಸು ಸುಳ್ಳು ಹೇಳುತ್ತಿದೆ ಅನ್ನೋದಕ್ಕೆ ರೀಡಿಂಗ್ ಸಾಕ್ಷಿ. ಮೂರು ತಿಂಗಳಿಗೆ ಬೆಳಗಿನ ನಾಡಿ 78ರಿಂದ 66ಕ್ಕೆ ಬಂತು.

ಹೋಗಲು ಮನಸ್ಸಿಲ್ಲದ ದಿನಕ್ಕೆ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ: ಕೈಗೆ ಬ್ಯಾಂಡೇಜ್ ಸುತ್ತುವವರೆಗೆ ಮಾತ್ರ. ಸುತ್ತಿದ ಮೇಲೂ ಬೇಡ ಅನ್ನಿಸಿದರೆ ಬಿಚ್ಚಿ ಮಲಗಬಹುದು. ನಾಲ್ಕೂವರೆ ಮೀಟರ್ ಬಟ್ಟೆಯನ್ನು ಬೆರಳ ಸಂದಿಯಲ್ಲೆಲ್ಲ ಹಾಯಿಸಿ ಎರಡೂ ಕೈಗೆ ಸುತ್ತಿದ ಮೇಲೆ ಬಿಚ್ಚಲು ಬೇಜಾರು, ಹೀಗಾಗಿ ಹೋಗಿಬಿಡ್ತೀನಿ. ಎರಡು ಸಲ ಮಾತ್ರ ಬಿಚ್ಚಿ ಮಲಗಿದ್ದೇನೆ. ಒಂದು ಸಲ ಜ್ವರ, ಇನ್ನೊಂದು ಸಲ ಕಂಟ್ರೋಲ್ ಸಿಸ್ಟಮ್ಸ್ ಬ್ಯಾಕ್‌ಲಾಗ್ ರಿಸಲ್ಟ್. ಜೊತೆಗೊಬ್ಬರು ಇದ್ದರೆ ಇನ್ನೂ ಸುಲಭ. ಐದೂವರೆಗೆ ಕೆಳಗೆ ಒಬ್ಬ ಚಳಿಯಲ್ಲಿ ಕಾಯ್ತಿದ್ದಾನೆ ಅಂದಾಗ ಅಲಾರಂ ಆಫ್ ಮಾಡಿ ಮಲಗೋಕೆ ಧೈರ್ಯ ಬರಲ್ಲ.

ದೊಡ್ಡವರ ಉದಾಹರಣೆ ಬೇಕು ಅಂದ್ರೆ ಪದಕದ ಫೋಟೋ ನೋಡಬೇಡಿ, ನಡುವಿನ ವರ್ಷಗಳನ್ನು ಎಣಿಸಿ. ತೆಲಂಗಾಣದ ನಿಜಾಮಾಬಾದಿನ ನಿಖತ್ ಜರೀನ್ ಜೂನಿಯರ್ ವಿಶ್ವ ಚಾಂಪಿಯನ್ ಆಗಿದ್ದು 2011ರಲ್ಲಿ. ಸೀನಿಯರ್ ವಿಶ್ವ ಚಾಂಪಿಯನ್ ಆಗಿದ್ದು 2022ರಲ್ಲಿ, ಇಸ್ತಾಂಬುಲ್‌ನಲ್ಲಿ, 52 ಕೆಜಿ ವಿಭಾಗದಲ್ಲಿ. ನಡುವೆ 11 ವರ್ಷ. ಅದರಲ್ಲಿ 2017ರ ಭುಜದ ಗಾಯ, ರಿಂಗ್‌ನಿಂದ ದೂರವಿದ್ದ ತಿಂಗಳುಗಳು ಎಲ್ಲ ಸೇರಿವೆ. 2023ರಲ್ಲಿ ದೆಹಲಿಯಲ್ಲಿ ಮತ್ತೆ ಗೆದ್ದರು. ನಮಗೆ ಮೂರು ವಾರಕ್ಕೇ ಫಲಿತಾಂಶ ಬೇಕು!

ಸಹಿಸಿಕೊಳ್ಳಬಾರದ ನೋವು

ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಬರೆದದ್ದು ತಪ್ಪಾಗುತ್ತೆ. ನನ್ನ ಓಟದ ಜೊತೆಗಾರ, ಸಿವಿಲ್ ಬ್ರಾಂಚಿನವನು, ಐದನೇ ಸೆಮ್‌ನಲ್ಲಿ ಒಂದು ಸ್ಪಾರಿಂಗ್‌ನಲ್ಲಿ ಹಣೆಯ ಪಕ್ಕಕ್ಕೆ ಪೆಟ್ಟು ತಿಂದ. ಬೀಳಲಿಲ್ಲ, ಪ್ರಜ್ಞೆ ತಪ್ಪಲಿಲ್ಲ. ಸಂಜೆ ತಲೆನೋವು, ಲೈಟ್ ಕಂಡರೆ ಆಗ್ತಿಲ್ಲ ಅಂದ. ಅಂತರ ಕಾಲೇಜು ಸೆಲೆಕ್ಷನ್‌ಗೆ ಹತ್ತು ದಿನ ಇತ್ತು. ಕೋಚ್‌ಗೆ ಹೇಳಬೇಡ ಮಗಾ ಅಂದ. ನಾನು ಹೇಳಲಿಲ್ಲ. ಗೆಳೆತನ ಅಂದುಕೊಂಡಿದ್ದೆ. ನಾಲ್ಕನೇ ದಿನ ಅವನು ಮತ್ತೆ ರಿಂಗ್ ಹತ್ತಿದ, ಒಂದು ಸಾಧಾರಣ ಜ್ಯಾಬ್ ತಾಗಿತು, ಕೂತುಬಿಟ್ಟ. ಯಾವ ದಿನ ಅಂತ ಕೇಳಿದರೆ ಹೇಳಲು ಆಗಲಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇಲ್ಲ ಅಂತ ಬರುವವರೆಗಿನ ಆ ಎರಡು ಗಂಟೆ ಕಾರಿಡಾರಿನಲ್ಲಿ ನಾನು ಹೇಗೆ ಕೂತಿದ್ದೆನೋ ನನಗೇ ಗೊತ್ತಿಲ್ಲ. ಅವನ ಅಮ್ಮ ಊರಿಂದ ರಾತ್ರಿ ಬಸ್ಸಿಗೆ ಬಂದರು. "ನಿನಗೆ ಮೊದಲೇ ಗೊತ್ತಿತ್ತೇನಪ್ಪಾ?" ಅಂದರು. ಗೊತ್ತಿತ್ತು ಆಂಟಿ ಅಂದೆ. ಅವರು ಏನೂ ಅನ್ನಲಿಲ್ಲ.

ಅವನು ಈಗ ಚೆನ್ನಾಗಿದ್ದಾನೆ, ಆದರೆ ಸ್ಪಾರಿಂಗ್ ಮಾಡಲ್ಲ.

ಆದ್ದರಿಂದ: ಭುಜ ಉರಿದರೆ ಸಹಿಸಿ, ಉಸಿರು ಬಿಗಿದರೆ ಸಹಿಸಿ. ತಲೆಗೆ ಪೆಟ್ಟು ಬಿದ್ದ ಮೇಲೆ ತಲೆನೋವು, ತಲೆಸುತ್ತು, ವಾಕರಿಕೆ, ಮಂಜುಮಂಜು, ಬೆಳಕು ಸಹಿಸಲಾಗದಿರುವುದು, ಇವುಗಳಲ್ಲಿ ಯಾವುದಾದರೂ ಒಂದು ಇದ್ದರೂ ಅವತ್ತೇ ನಿಲ್ಲಿಸಿ, ಕೋಚ್‌ಗೆ ಹೇಳಿ, ಡಾಕ್ಟರ್ ಹತ್ತಿರ ಹೋಗಿ. ಅವರು ಹೂಂ ಅನ್ನುವವರೆಗೆ ರಿಂಗ್ ಬೇಡ. ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಮಾತು ತೊದಲುವುದು ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಹೆಡ್‌ಗಾರ್ಡ್ ಹಾಕಿದ್ದೆ ಅನ್ನೋದು ಉತ್ತರವಲ್ಲ. ಅದು ಚರ್ಮ ಒಡೆಯೋದನ್ನು ತಡೆಯುತ್ತೆ, ತಲೆಬುರುಡೆಯೊಳಗೆ ಮಿದುಳು ಅಲುಗಾಡೋದನ್ನು ತಡೆಯೋ ಖಾತ್ರಿ ಕೊಡಲ್ಲ. ಮತ್ತೆ ಮೊದಲ ಎರಡು ಮೂರು ತಿಂಗಳು ಸ್ಪಾರಿಂಗೇ ಬೇಡ. ದಮ್ಮು ಇಲ್ಲದವನ ಕೈ ಕೆಳಗೆ ಬರುತ್ತೆ, ಕೈ ಕೆಳಗೆ ಬಂದವನ ತಲೆಗೆ ಬೀಳುತ್ತೆ. ಸ್ಟ್ಯಾಮಿನಾ ಅನ್ನೋದು ಮೊದಲನೆಯದಾಗಿ ರಕ್ಷಣೆ, ಗೆಲ್ಲೋದು ಆಮೇಲೆ.

ಮೆಸ್, ನಿದ್ದೆ, ಇತ್ಯಾದಿ

ಊಟದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪೌಡರ್ ಡಬ್ಬ ಕೊಳ್ಳುವ ಮೊದಲು ಮೆಸ್‌ನಲ್ಲಿ ಮುದ್ದೆ, ಅನ್ನ, ಸಾರು, ಮೊಸರು ಹೊಟ್ಟೆ ತುಂಬ ತಿನ್ನಿ, ಜೊತೆಗೆ ಮೊಟ್ಟೆಯೋ ಮೊಳಕೆ ಕಾಳೋ ಕಡಲೆಬೀಜವೋ ಇರಲಿ. ಅನ್ನ ಬಿಟ್ಟು ಸಣ್ಣಗಾಗಿ ಬಾಕ್ಸಿಂಗ್ ಮಾಡ್ತೀನಿ ಅಂದ್ರೆ ಎರಡನೇ ರೌಂಡಿಗೆ ಬ್ಯಾಟರಿ ಇರಲ್ಲ. ಭರ್ತಿ ಊಟ ಆಗಿ ಎರಡು ಮೂರು ಗಂಟೆ ಬಿಡಿ (ನನ್ನ ಇಡ್ಲಿ ಕಥೆ ನೆನಪಿದೆಯಲ್ಲ), ಬೆಳಗಿನ ಜಾವ ಒಂದು ಬಾಳೆಹಣ್ಣು ಸಾಕು. ತೂಕದ ವಿಭಾಗಕ್ಕೆ ಇಳಿಯಲು ನೀರು ಕುಡಿಯದೆ ಇರುವ ಸಾಹಸ ಹೊಸಬರಿಗೆ ಬೇಡವೇ ಬೇಡ. ರಾತ್ರಿಯಿಡೀ ಅಸೈನ್‌ಮೆಂಟ್ ಬರೆದ ಮರುದಿನ ಜೋರಿನ ರೌಂಡ್ ಮಾಡುವ ಬದಲು ನಿಧಾನ ಓಟಕ್ಕೆ ಬದಲಾಯಿಸಿ. ಪರೀಕ್ಷೆಯ ಹದಿನೈದು ದಿನ ವಾರಕ್ಕೆ ಎರಡೇ ಸಲ ಮಾಡಿದರೂ ಗಳಿಸಿದ್ದು ಹೆಚ್ಚು ಕಡಿಮೆ ಉಳಿಯುತ್ತೆ. ಪೂರ್ತಿ ಬಿಟ್ಟರೆ ಮತ್ತೆ ಮೂರನೇ ವಾರದ ಜಗಳ ಮನಸ್ಸಿನ ಜೊತೆ ಹೊಸದಾಗಿ ಆಡಬೇಕು.

ಆ ಸೆಲೆಕ್ಷನ್‌ನಲ್ಲಿ ನಾನೇನಾದೆ ಅಂತ ಜೂನಿಯರ್‌ಗಳು ಕೇಳ್ತಿರ್ತಾರೆ. ಪಾಯಿಂಟ್ಸ್ ಮೇಲೆ ಸೋತೆ. ಮೊದಲೆರಡು ರೌಂಡ್ ಅವನದ್ದು, ಮೂರನೆಯದು ನನ್ನದು ಅಂತ ನಾನು ಹೇಳ್ತೀನಿ, ಅವನು ಒಪ್ಪಲ್ಲ. ಕೊನೆಯ ಮೂವತ್ತು ಸೆಕೆಂಡಿನಲ್ಲೂ ನನ್ನ ಕೈ ಗಲ್ಲದ ಹತ್ತಿರವೇ ಇತ್ತು, ಉಸಿರಿನ ಸದ್ದು ನನಗೇ ಕೇಳಿಸುತ್ತಿತ್ತು. ಅದರ ವಿಡಿಯೋ ಸಿವಿಲ್ ಬ್ರಾಂಚಿನ ಆ ಗೆಳೆಯನೇ ತೆಗೆದದ್ದು. ಅವನು ಈಗಲೂ ಐದೂವರೆಗೆ ಕೆಳಗೆ ಬಂದು ನಿಲ್ತಾನೆ, ಓಡೋಕೆ ಮಾತ್ರ. ಈ ಸೆಮ್ ನಮ್ಮ ಜೊತೆ ಓಡುವವರು ಹಾಸ್ಟೆಲ್ ಹಿಂದಿನ ಗೇಟ್ ಹತ್ತಿರ ಬನ್ನಿ, ಸೋಮವಾರ, ಬುಧವಾರ, ಶುಕ್ರವಾರ. ಗ್ಲೌಸ್ ತರಬೇಡಿ. ಇದ್ದರೆ ಒಳಗೆ ಹಳೇ ಪೇಪರ್ ತುರುಕಿ ಕಿಟಕಿಯಲ್ಲಿ ಒಣಗಲು ಇಟ್ಟು ಬನ್ನಿ, ಇಲ್ಲದಿದ್ದರೆ ರೂಮ್‌ಮೇಟ್‌ಗಳು ನಿಮ್ಮನ್ನು ಹೊರಗೆ ಹಾಕ್ತಾರೆ.